ಮುನ್ನೂರ ನಾಲ್ಕರ ಬಿಸಿಲು

ಕಟ್ಟದ ಮನೆಯೊಳಗೆ ಬಿಸಿಲು ಬರಿಸುವುದು ನನ್ನ ಕೆಲಸ. ದೇವನಹಳ್ಳಿ ಬಸ್ ಸ್ಟ್ಯಾಂಡಿನ ಹತ್ತಿರ, ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ವಿಮಾನ ನಿಲ್ದಾಣ ಬಂದ ಮೇಲೆ ಸುತ್ತಮುತ್ತ ಎದ್ದ ಅಪಾರ್ಟ್‌ಮೆಂಟುಗಳಲ್ಲಿ ಅರ್ಧದಷ್ಟಕ್ಕೆ ಮೊದಲು ಬೆಳಗಾಗಿದ್ದು ನಮ್ಮ ಕಂಪ್ಯೂಟರುಗಳಲ್ಲೇ. ಬೆಳಗಿನ ಬಿಸಿಲು ಕಾಣದ ಮನೆಯನ್ನು ಯಾರೂ ಕೊಳ್ಳುವುದಿಲ್ಲ ಎನ್ನುವುದು ನಮ್ಮ ಬಾಸ್ ಅಂಜನ್ ಅವರ ಸಿದ್ಧಾಂತ. ಆದ್ದರಿಂದ ನಮ್ಮ ಬ್ರೋಷರುಗಳಲ್ಲಿ ಎಲ್ಲ ಮನೆಗಳೂ ಪೂರ್ವಕ್ಕೇ ತಿರುಗಿಕೊಂಡಿರುತ್ತವೆ.

ಮನೆಯ ಚಿತ್ರ ಮಾಡುವ ಸಾಫ್ಟ್‌ವೇರು ಮಾತ್ರ ಬಹಳ ಪ್ರಾಮಾಣಿಕ. ಊರು ಯಾವುದು, ತಾರೀಖು ಎಷ್ಟು, ಗಂಟೆ ಎಷ್ಟು, ಉತ್ತರ ಯಾವ ಕಡೆ ಎಂದು ಕೇಳುತ್ತದೆ. ಹೇಳಿದರೆ ಸೂರ್ಯನನ್ನು ಅವನ ಜಾಗದಲ್ಲೇ ನಿಲ್ಲಿಸುತ್ತದೆ. ಆಮೇಲೆ ಒಂದೊಂದೇ ಕಿರಣದ ಬೆನ್ನು ಹತ್ತುತ್ತದೆ. ಕಿಟಕಿಯಿಂದ ಬಂದು ನೆಲಕ್ಕೆ ಬಡಿಯಿತು, ನೆಲದಿಂದ ಗೋಡೆಗೆ, ಗೋಡೆಯಿಂದ ಸೂರಿಗೆ. ಹೀಗೆ ಎಷ್ಟು ಸಲ ಪುಟಿಯಬೇಕು ಎನ್ನುವುದನ್ನು ನಾವು ತುಂಬಬೇಕು. ಎಂಟು ಎಂದು ತುಂಬಿದರೆ ಮೂಲೆಮೂಲೆಯೂ ಬೆಳಗುತ್ತದೆ. ಒಂದು ಎಂದು ತುಂಬಿದರೆ ಕಿಟಕಿಯ ಹತ್ತಿರ ಒಂದಿಷ್ಟು ಬೆಳಕು, ಉಳಿದದ್ದೆಲ್ಲ ಮಸಿ. ನಾವು ಏನು ಹೇಳಿದರೂ ಅದು ನಂಬುತ್ತದೆ, ಪಾಪ.

ನಮ್ಮ ಹಳೇ ಮನೆ, ಕೊಟ್ಟಿಗೆ, ಹಿತ್ತಲು ಸೇರಿ ಆರು ಗುಂಟೆ ಇತ್ತು. ಪಕ್ಕದಲ್ಲಿ ಪಿಳ್ಳಪ್ಪನವರ ಹೊಲ. ಎರಡನ್ನೂ ಸೇರಿಸಿಕೊಂಡು ಒಬ್ಬ ಬಿಲ್ಡರ್ ಎರಡು ಬ್ಲಾಕು ಕಟ್ಟುವುದು, ನಮ್ಮ ಜಾಗಕ್ಕೆ ಬದಲಾಗಿ ಮೂರನೇ ಮಹಡಿಯಲ್ಲಿ ಎರಡು ಮನೆ ಕೊಡುವುದು ಎಂದು ಒಪ್ಪಂದವಾಯಿತು. ಒಂದು ನನ್ನ ಅಪ್ಪ ಅಪ್ಪಯ್ಯಣ್ಣನಿಗೆ, ಇನ್ನೊಂದು ಚಿಕ್ಕಪ್ಪ ಕೆಂಪರಾಜನಿಗೆ. ಮನೆಯ ನಂಬರು ಮುನ್ನೂರ ಒಂದು ಮತ್ತು ಮುನ್ನೂರ ನಾಲ್ಕು. ಅಳತೆ ಒಂದೇ, ಕೋಣೆಗಳೂ ಅಷ್ಟೇ, ನಡುವೆ ಲಿಫ್ಟು. ಒಂದನ್ನು ಕನ್ನಡಿಯಲ್ಲಿ ನೋಡಿದರೆ ಇನ್ನೊಂದು. ಬೇರೆಯಾಗಿದ್ದದ್ದು ಬಿಸಿಲು ಮಾತ್ರ. ಮುನ್ನೂರ ಒಂದರ ಕಿಟಕಿಗಳು ಪೂರ್ವಕ್ಕೆ, ಕೆರೆ ಅಂಗಳದ ಕಡೆಗೆ. ಮುನ್ನೂರ ನಾಲ್ಕರ ಕಿಟಕಿಗಳು ಪಶ್ಚಿಮಕ್ಕೆ, ಇಪ್ಪತ್ತು ಅಡಿ ದೂರದಲ್ಲಿ ಐದು ಮಹಡಿ ಏಳಲಿದ್ದ ಎರಡನೇ ಬ್ಲಾಕಿನ ಕಡೆಗೆ. ಆಗಿನ್ನೂ ಅಲ್ಲಿ ಪಾಯದ ಗುಂಡಿ ಬಿಟ್ಟರೆ ಏನೂ ಇರಲಿಲ್ಲ.

ಬಿಸಿಲು ಬೇಕಾಗಿದ್ದದ್ದು ಚಿಕ್ಕಮ್ಮ ವರಲಕ್ಷ್ಮಮ್ಮನಿಗೆ. ಅವಳಿಗೆ ಸಂಧಿವಾತ. ಬೆಳಗ್ಗೆ ಎದ್ದಾಗ ಎರಡೂ ಕೈಯ ಬೆರಳುಗಳು ಮಡಚಿಕೊಂಡೇ ಇರುತ್ತಿದ್ದವು. ಮಾತ್ರೆ ಹೊಟ್ಟೆ ಸುಡುತ್ತಿತ್ತು. ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು ಎಳೆಬಿಸಿಲಿಗೆ ಒಂದು ಗಂಟೆ ಕೈ ಚಾಚಿದರೆ ಬೆರಳುಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತಿದ್ದವು. ಆಮೇಲೆ ಮನೆಗೆಲ್ಲ ಮುದ್ದೆ ಕಟ್ಟುವುದೂ ಅವೇ ಬೆರಳು. ನನ್ನ ಅಮ್ಮ ಸತ್ತಾಗ ನನಗೆ ಒಂಬತ್ತು ವರ್ಷ. ಅಲ್ಲಿಂದ ಮುಂದೆ ನಾನು ತಿಂದದ್ದೆಲ್ಲ ಆ ಕೈಯದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಗೊತ್ತಿರಲಿಲ್ಲ ಎಂದು ಯಾರೂ ನನ್ನ ಪರವಾಗಿ ವಾದಿಸಬೇಕಾಗಿಲ್ಲ.

ನನ್ನ ಸಿಟ್ಟು ಇದ್ದದ್ದು ಚಿಕ್ಕಪ್ಪನ ಮೇಲೆ. ಪಾಲಾಗುವುದಕ್ಕೆ ಎರಡು ವರ್ಷ ಮುಂಚೆ ತ್ಯಾಮಗೊಂಡ್ಲಿನ ಉಮಾಶಂಕರ್ ಎನ್ನುವವರ ಜೊತೆ ನನ್ನ ಮದುವೆ ಗೊತ್ತಾಗಿತ್ತು. ಎಲೆ ಅಡಿಕೆ ಬದಲಾಯಿಸುವ ದಿನ ತನ್ನನ್ನು ಮುಂದೆ ಕೂರಿಸಲಿಲ್ಲ ಎಂದು ಚಿಕ್ಕಪ್ಪ ಮುನಿಸಿಕೊಂಡ. ಮಾರನೇ ವಾರ ಒಬ್ಬನೇ ಬಸ್ಸು ಹತ್ತಿ ಅವರ ಮನೆಗೆ ಹೋಗಿ, ಹುಡುಗಿಯ ತಾಯಿ ತಲೆಕೆಟ್ಟು ಸತ್ತಳು, ಆಮೇಲೆ ನಮ್ಮನ್ನು ಬೈಯಬೇಡಿ ಎಂದು ಹೇಳಿ, ಕಾಫಿ ಕುಡಿದು ಬಂದ. ಅಮ್ಮ ಸತ್ತದ್ದು ಕಾಮಾಲೆಯಿಂದ. ಅವರು ವಿಚಾರಿಸುವ ಗೋಜಿಗೂ ಹೋಗಲಿಲ್ಲ. ಉಮಾಶಂಕರ್ ನನ್ನ ಫೋನ್ ಎತ್ತುವುದನ್ನು ನಿಲ್ಲಿಸಿದರು. ಚಿಕ್ಕಪ್ಪ ಅದಾದ ಮೇಲೂ ನಮ್ಮ ನಡುಮನೆಯಲ್ಲಿ ಕಾಲು ಚಾಚಿಕೊಂಡು ಟೀವಿ ನೋಡುತ್ತಿದ್ದ. ನಾನು ಅವನನ್ನು ಮನಸಾರೆ ದ್ವೇಷಿಸುತ್ತಿದ್ದೆ.

ನಮ್ಮಲ್ಲಿ ಪಾಲಾಗುವಾಗ ಒಂದು ಪದ್ಧತಿ ಇದೆ. ಭಾಗ ಮಾಡುವವನು ಹಿರಿಯ, ಆರಿಸಿಕೊಳ್ಳುವವನು ಕಿರಿಯ. ಹಿರಿಯ ಮೋಸ ಮಾಡದಿರಲಿ ಎಂದು ಹಿಂದಿನವರು ಮಾಡಿದ ಏರ್ಪಾಡು. ಕಿರಿಯನು ಚಿತ್ರ ನೋಡಿ ಆರಿಸುವ ಕಾಲ ಬರುತ್ತದೆ, ಆ ಚಿತ್ರವನ್ನು ಹಿರಿಯನ ಮಗಳೇ ಮಾಡುತ್ತಾಳೆ ಎಂದು ಅವರು ಕನಸು ಕಂಡಿರಲಾರರು. ಬಿಲ್ಡರಿನ ಬ್ರೋಷರು ನಮ್ಮ ಆಫೀಸಿಗೇ ಬಂದಿತ್ತು. ನಮ್ಮ ಎರಡು ಮನೆಗಳ ಒಳಚಿತ್ರ ನಾನೇ ಮಾಡಿಕೊಡುತ್ತೇನೆ ಎಂದಾಗ ಅಪ್ಪ ಏನನ್ನೂ ಕೇಳಲಿಲ್ಲ. ಕೇಳದೇ ಇರುವುದರಲ್ಲಿ ನನ್ನ ಅಪ್ಪ ಬಹಳ ಜಾಣ.

ಮುನ್ನೂರ ಒಂದನ್ನು ಮೊದಲು ಮಾಡಿದೆ. ಅದರಲ್ಲಿ ಒಂದೇ ಒಂದು ಸುಳ್ಳಿಲ್ಲ. ಉತ್ತರ ಸರಿಯಾಗಿದೆ, ಊರು ಸರಿಯಾಗಿದೆ. ತಿಂಗಳು ಜೂನ್, ಮಧ್ಯಾಹ್ನ ಎರಡು ಗಂಟೆ, ಆಕಾಶದ ತುಂಬ ಮೋಡ, ಕಿರಣ ಪುಟಿಯುವುದು ಒಂದೇ ಸಲ. ಕೋಣೆ ಗೋದಾಮಿನ ಹಾಗೆ ಬಂತು. ಆಮೇಲೆ ಮುನ್ನೂರ ನಾಲ್ಕು. ಎದುರಿನ ಬ್ಲಾಕನ್ನು ಒಂದು ಕ್ಲಿಕ್ಕಿನಲ್ಲಿ ಮರೆಮಾಡಿದೆ. ಉತ್ತರ ದಿಕ್ಕನ್ನು ನೂರ ಎಂಬತ್ತು ಡಿಗ್ರಿ ತಿರುಗಿಸಿದೆ. ಸಂಕ್ರಾಂತಿಯ ಮಾರನೇ ದಿನ, ಬೆಳಗ್ಗೆ ಏಳೂವರೆ, ಪುಟಿಯುವುದು ಎಂಟು ಸಲ. ಸೂರ್ಯ ಪಡುವಣದಲ್ಲಿ ಹುಟ್ಟಿ ಸೋಫಾದವರೆಗೂ ನಡೆದುಕೊಂಡು ಬಂದ. ಬಿಸಿಲು ಇನ್ನಷ್ಟು ಹದವಾಗಲಿ ಎಂದು ಬಣ್ಣವನ್ನು ಸ್ವಲ್ಪ ಅರಿಶಿನದ ಕಡೆಗೆ ಎಳೆದೆ. ನನ್ನ ಕೆಲಸದಲ್ಲಿ ಅಷ್ಟು ಚೆನ್ನಾಗಿ ಬಂದ ಚಿತ್ರ ಇನ್ನೊಂದಿಲ್ಲ. ಚಿಕ್ಕಪ್ಪ ಆ ಕತ್ತಲೆಯಲ್ಲಿ ಕೂತು ಕೊಳೆಯುವುದನ್ನು ನೆನೆದು ನಾನು ಆಫೀಸಿನಲ್ಲಿ ಒಬ್ಬಳೇ ನಕ್ಕೆ.

ಭಾನುವಾರ ಬೆಳಗ್ಗೆ ನಡುಮನೆಯಲ್ಲಿ ಸೇರಿದರು. ಸಾಕ್ಷಿಗೆ ಊರಿನ ಹಿರಿಯರು ಜವರಪ್ಪ. ಎರಡು ದೊಡ್ಡ ಚಿತ್ರಗಳನ್ನು ಚಾಪೆಯ ಮೇಲೆ ಹಾಸಿ, ಎರಡರ ಮೇಲೂ ವೀಳ್ಯದೆಲೆ ಅಡಿಕೆ ಇಟ್ಟರು. ಬೇಕಾದ ಪಾಲಿನ ಎಲೆಯನ್ನು ಎತ್ತಿಕೊಂಡರೆ ಮುಗಿಯಿತು. ಚಿಕ್ಕಪ್ಪ ಮೀಸೆ ಒರೆಸಿಕೊಂಡು ಬಗ್ಗಿದ. ಎಲೆಯವರೆಗೆ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಚಿಕ್ಕಮ್ಮನ ಕಡೆ ತಿರುಗಿದ.

“ಇವ್ಳೇ ಆರಿಸ್ಲಿ,” ಅಂದ. “ಕೈ ನೋವು ಇವ್ಳ್‌ದು. ಬಿಸ್ಲು ಬೇಕಾಗಿರೋದೂ ಇವ್ಳಿಗೆ.”

ಜನ್ಮದಲ್ಲಿ ಅವನು ಹೆಂಡತಿಗೆ ಕೊಟ್ಟ ಒಂದೇ ಒಂದು ಮರ್ಯಾದೆ ಇರಬೇಕು. ಅದನ್ನು ಅವತ್ತೇ ಕೊಟ್ಟ.

ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು ಚಾಪೆಯ ಹತ್ತಿರ ಕೂತಳು. ಮುನ್ನೂರ ನಾಲ್ಕರ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಈ ಮನೆ ಪಿಳ್ಳಪ್ಪನವರ ಹೊಲದ ಮಗ್ಗುಲು ತಾನೇ, ಅಲ್ಲಿ ಹೊತ್ತು ಮುಳುಗುವುದಲ್ಲವೇ, ಹುಟ್ಟುವುದು ಹೇಗೆ ಎಂದು ಮೆಲ್ಲಗೆ ಕೇಳಿದಳು. ನನ್ನ ಬಾಯಿ ಅಲ್ಲಿಗೂ ನಿಲ್ಲಲಿಲ್ಲ. ಊರಿನ ಅಕ್ಷಾಂಶ ರೇಖಾಂಶ ಎಲ್ಲವನ್ನೂ ಕಂಪ್ಯೂಟರಿಗೆ ಕೊಟ್ಟಿದ್ದೇನೆ, ಅದು ತಪ್ಪು ಮಾಡುವುದಿಲ್ಲ ಎಂದೆ. ಜವರಪ್ಪ ನಕ್ಕುಬಿಟ್ಟರು. ಸೂರ್ಯನಿಗೇ ದಾರಿ ಹೇಳಲು ಹೊರಟಿದ್ದಾಳಲ್ಲ ನಿನ್ನ ಹೆಂಡತಿ ಎಂದು ಚಿಕ್ಕಪ್ಪನಿಗೆ ಹೇಳಿದರು. ಚಿಕ್ಕಪ್ಪನೂ ನಕ್ಕ, ಅಪ್ಪನೂ ನಕ್ಕ. ಚಿಕ್ಕಮ್ಮ ನಾಚಿಕೊಂಡು ತಲೆ ತಗ್ಗಿಸಿದಳು. ಮೂವತ್ತು ವರ್ಷ ಆ ಹಿತ್ತಲಿನಲ್ಲಿ ದಿನಾ ಸೂರ್ಯನಿಗೆ ಕೈ ಒಡ್ಡಿ ಕೂತವಳು ಅವಳು.

ಆಮೇಲೆ ಚಿತ್ರಗಳನ್ನು ಬಿಟ್ಟು ನನ್ನ ಮುಖ ನೋಡಿದಳು.

“ನಂಗೆ ಇದೆಲ್ಲ ತಿಳಿಯಲ್ಲ ವಾಣಿ. ನೀನೇ ಹೇಳವ್ವ, ಯಾವ್ದು ಎತ್ಕೊಳ್ಲಿ?”

ಅಲ್ಲಿಗೆ ನಿಲ್ಲಿಸಬಹುದಿತ್ತು. ಏನೋ ತಪ್ಪಾಗಿದೆ, ಇನ್ನೊಂದು ಸಲ ನೋಡುತ್ತೇನೆ ಎಂದರೆ ಸಾಕಿತ್ತು. ಆದರೆ ಚಿಕ್ಕಪ್ಪನ ಮುಖದಲ್ಲಿ ಇನ್ನೂ ಆ ನಗು ಇತ್ತು. ಉಮಾಶಂಕರ್ ಮನೆಯಲ್ಲಿ ಕಾಫಿ ಕುಡಿಯುವಾಗಲೂ ಹೀಗೇ ನಗುತ್ತಿದ್ದನೇನೋ ಅನ್ನಿಸಿತು. ನಾನು ಬಗ್ಗಿ ಮುನ್ನೂರ ನಾಲ್ಕರ ಮೇಲೆ ಬೆರಳಿಟ್ಟೆ. ಚಿಕ್ಕಮ್ಮ ಆ ಎಲೆಯನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡಳು. ಮಾರನೇ ದಿನ ಅಪ್ಪ ನನಗೊಂದು ಹೊಸ ವಾಚು ತಂದುಕೊಟ್ಟ. ಯಾಕೆ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಒಂದೂವರೆ ವರ್ಷದಲ್ಲಿ ಎರಡೂ ಬ್ಲಾಕು ಎದ್ದವು. ಮುನ್ನೂರ ನಾಲ್ಕರಲ್ಲಿ ಬೆಳಗ್ಗೆ ಹತ್ತು ಗಂಟೆಗೂ ಲೈಟು ಹಾಕಬೇಕು. ಕಿಟಕಿ ತೆರೆದರೆ ಎದುರಿನವರ ಬಚ್ಚಲ ಪೈಪು. ಮೊದಲನೇ ವಾರವೇ ಚಿಕ್ಕಪ್ಪನ ಬೈಗುಳ ನಮ್ಮ ಬಾಗಿಲಿಗೆ ಕೇಳಿಸತೊಡಗಿತು. ನೀನೇ ಆರಿಸಿದ್ದಲ್ಲವಾ, ಅನುಭವಿಸು ಎನ್ನುವುದು ಅವನ ದಿನದ ಸುಪ್ರಭಾತ. ಅವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಎಲೆ ಎತ್ತಿದ ಕೈ ಹೆಂಡತಿಯದು, ಬೈಯಲು ಅವಳು ಸಾಕು. ಚಿಕ್ಕಮ್ಮನಾದರೋ ಸಿಕ್ಕಿದವರಿಗೆಲ್ಲ ಕಂಪ್ಯೂಟರು ತಪ್ಪು ಮಾಡಿತು, ಹುಡುಗಿ ಏನು ಮಾಡುತ್ತಾಳೆ ಎಂದು ಹೇಳಿಕೊಂಡು ಬಂದಳು.

ಬೆಳಗ್ಗೆ ನಮ್ಮ ಮನೆಗೆ ಬಂದು ನಡುಮನೆಯ ಬಿಸಿಲಿನಲ್ಲಿ ಕೂರುತ್ತಿದ್ದಳು. ನಾನೇ ಕರೆದಿದ್ದೆ. ಇಪ್ಪತ್ತು ದಿನ ನೋಡಿದ ಅಪ್ಪ ಒಂದು ದಿನ ಬಾಗಿಲಲ್ಲೇ ನಿಂತು, ಪಾಲಾದ ಮೇಲೆ ಪಾಲು ವರಲಕ್ಷ್ಮಮ್ಮ, ದಿನಾ ಬಂದರೆ ಕೆಂಪರಾಜ ನಾಳೆ ಇದರಲ್ಲೂ ಹಕ್ಕು ಕೇಳುತ್ತಾನೆ ಎಂದ. ಅವಳು ಬಂದ ಕಾಲಿನಲ್ಲೇ ತಿರುಗಿದಳು. ಟೆರೇಸಿನ ಬೀಗ ಅಸೋಸಿಯೇಷನ್ನಿನವರ ಹತ್ತಿರ. ಕೆಳಗೆ ಕಾರು ನಿಲ್ಲಿಸುವ ಜಾಗ. ಗೇಟಿನಾಚೆ ರಸ್ತೆ ಬದಿಯಲ್ಲಿ ಎರಡು ದಿನ ಕೂತಳು. ಭಿಕ್ಷೆಗೆ ಕೂತಿದ್ದೀಯಾ ಎಂದು ಚಿಕ್ಕಪ್ಪ ಎಳೆದುಕೊಂಡು ಬಂದ.

ಮಾಗಿಯ ಚಳಿ ಬರುವ ಹೊತ್ತಿಗೆ ಬೆರಳುಗಳು ಬಿಡಿಸಿಕೊಳ್ಳುವುದನ್ನೇ ಮರೆತವು. ಊಟಕ್ಕೆ ಚಮಚವನ್ನು ಎರಡು ಮುಷ್ಟಿಗಳ ನಡುವೆ ಹಿಡಿಯುತ್ತಿದ್ದಳು. ಮಗಳು ಶಾಮಲಾ ಮದುವೆಯಾಗಿ ಸಮೇತನಹಳ್ಳಿಯಲ್ಲಿದ್ದಳು. ಹಾಗಾಗಿ ದಿನಾ ಆಫೀಸಿಗೆ ಹೋಗುವ ಮುಂಚೆ ಚಿಕ್ಕಮ್ಮನ ತಲೆ ಬಾಚುವುದು ನನ್ನ ಪಾಲಿಗೆ ಬಂತು. ಐವತ್ತು ದಾಟಿದ್ದರೂ ಸೊಂಟಕ್ಕೆ ಬೀಳುವ ಕೂದಲು. ಮುಖ ತೊಳೆದು, ಸ್ಟೂಲಿನ ಮೇಲೆ ಕೂತು ಕಾಯುತ್ತಿದ್ದಳು. ಟ್ಯೂಬ್‌ಲೈಟಿನ ಕೆಳಗೆ ನಾನು ಎಣ್ಣೆ ಹಚ್ಚಿ ಸಿಕ್ಕು ಬಿಡಿಸುತ್ತಿದ್ದೆ. ಹೆತ್ತ ಮಗಳೂ ಹೀಗೆ ನೋಡಿಕೊಳ್ಳುವುದಿಲ್ಲ ಎನ್ನುತ್ತಿದ್ದಳು. ಇದರಿಂದ ನಾನು ಮಾಡಿದ್ದು ಸ್ವಲ್ಪ ಸ್ವಲ್ಪವಾಗಿ ತೊಳೆದು ಹೋಗುತ್ತಿದೆ ಎಂದು ನಂಬಿಕೊಂಡಿದ್ದೆ. ನಾಚಿಕೆಗೇಡು.

ಒಂದು ದಿನ ನಾನು ಬಾಚುತ್ತಿರುವಾಗಲೇ ಚಿಕ್ಕಪ್ಪ ಚಪ್ಪಲಿ ಹಾಕಿಕೊಳ್ಳುತ್ತಾ, ಇವಳ ಕಣ್ಣಿಗೆ ಬೆಂಕಿ ಹಾಕ, ಹಗಲಿಗೂ ರಾತ್ರಿಗೂ ವ್ಯತ್ಯಾಸ ತಿಳಿಯದವಳನ್ನು ಕಟ್ಟಿಕೊಂಡೆ ಎಂದು ಹೋದ. ಚಿಕ್ಕಮ್ಮ ತಲೆಯನ್ನು ಇನ್ನಷ್ಟು ಬಗ್ಗಿಸಿದಳು. ನನಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ದಿಕ್ಕು ತಿರುಗಿಸಿದ್ದು, ಎದುರಿನ ಬ್ಲಾಕು ಮರೆಮಾಡಿದ್ದು, ನಮ್ಮ ಮನೆಯನ್ನು ಬೇಕೆಂದೇ ಕತ್ತಲು ಮಾಡಿದ್ದು, ಎಲ್ಲ ಚಿಕ್ಕಪ್ಪನ ಮೇಲಿನ ಸಿಟ್ಟಿಗೆ ಎನ್ನುವುದನ್ನೂ.

ಅವಳು ತಿರುಗದೆಯೇ ಕೇಳಿದಳು.

“ಹಂಗಾದ್ರೆ ಅವತ್ತು ನಾನ್ ಹೇಳಿದ್ದೇ ಸರಿ?”

ಹೂಂ ಎಂದೆ.

“ನಂಗೆ ಗೊತ್ತಿತ್ತು ಕಣೆ. ಹೊತ್ತು ಎಲ್ಲಿ ಹುಟ್ತದೆ ಅಂತ ನಂಗೊತ್ತಿಲ್ವಾ? ನೀನು ಬೆರಳಿಟ್ಟೆ. ನನ್ ಕಣ್ಣೇ ಸುಳ್ಳು ಅಂದ್ಕೊಂಡೆ.”

ಚಿಕ್ಕಪ್ಪನಿಗೆ ಇವತ್ತೇ ಹೇಳುತ್ತೇನೆ, ನಿನ್ನ ಮೇಲಿನ ಮಾತು ತಪ್ಪಲಿ ಎಂದು ಅಳುತ್ತಾ ಹೇಳಿದೆ. ಅವಳು ಬೇಡ ಎಂದು ತಲೆಯಾಡಿಸಿದಾಗ ಅರ್ಧ ಹೆಣೆದ ಜಡೆ ನನ್ನ ಕೈಯಿಂದ ಜಾರಿತು.

“ಹೇಳ್ಬಿಟ್ಟು ನೀನು ಹಗುರಾಗ್ಬೇಡ. ಜಡೆ ಮುಗಿಸು, ಆಫೀಸಿಗೆ ಹೊತ್ತಾಯ್ತು ನಿಂಗೆ.”

ಜಡೆ ಮುಗಿಸಿದೆ. ಬೈದಿದ್ದರೆ, ಕೆನ್ನೆಗೆ ಬಾರಿಸಿದ್ದರೆ ಬದುಕಿಕೊಳ್ಳುತ್ತಿದ್ದೆ. ಮಾರನೇ ಬೆಳಗ್ಗೆ ಬಾಗಿಲು ತಟ್ಟಿದರೆ ತೆಗೆಯಲಿಲ್ಲ. ಅದರ ಮಾರನೇ ದಿನವೂ ತೆಗೆಯಲಿಲ್ಲ. ಮೂರನೇ ದಿನ ಶಾಮಲಾ ಬಂದು ತಾಯಿಯನ್ನು ತಿರುಪತಿಗೆ ಕರೆದುಕೊಂಡು ಹೋದಳು ಎಂದು ಕೆಳಗಿನ ಮನೆಯ ಪಿಳ್ಳಮ್ಮ ಹೇಳಿದರು.

ಶನಿವಾರ ನಾನು ಆಫೀಸಿಗೆ ಹೊರಟಾಗ ಲಿಫ್ಟಿನ ಬಾಗಿಲು ತೆರೆದು ಚಿಕ್ಕಮ್ಮ ಹೊರಗೆ ಬಂದಳು. ತಲೆ ನುಣ್ಣಗೆ ಬೋಳಿಸಿತ್ತು, ಮೇಲೆ ಗಂಧ ಬಳಿದಿತ್ತು. ಕಿವಿಗಳು ದೊಡ್ಡದಾಗಿ ಕಾಣುತ್ತಿದ್ದವು. ಹಿಂದೆ ಬಂದ ಪಿಳ್ಳಮ್ಮ ಅಷ್ಟು ಚೆಂದದ ಕೂದಲು ಕೊಟ್ಟುಬಿಟ್ಟೆಯಲ್ಲ, ಏನು ಹರಕೆ ತಾಯಿ ಎಂದು ಕೇಳುತ್ತಿದ್ದರು. ಚಿಕ್ಕಮ್ಮ ಮೊಣಕೈಗೆ ನೇತುಹಾಕಿಕೊಂಡಿದ್ದ ಪ್ರಸಾದದ ಚೀಲವನ್ನು ತೆಗೆದುಕೊಳ್ಳಲು ನಾನು ಕೈ ಚಾಚಿದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

“ಇನ್ ಮೇಲೆ ನಿಂಗೆ ಬೆಳಗ್ಗೆ ತೊಂದ್ರೆ ಇಲ್ಲ,” ಅಂದಳು.

ಆಮೇಲೆ ಭುಜದಿಂದ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು.