ತಟ್ಟೆ ಇಟ್ಟ ಜಾಗ

"ಇನ್ನೊಂಚೂರು ಈ ಕಡೆ. ಫೋಟೋದಲ್ಲಿ ಲಾಂಛನ ಕಾಣ್ಬೇಕಲ್ಲಪ್ಪಾ," ಎನ್ನುತ್ತ ರುಸ್ಲೋ ಶವಪೆಟ್ಟಿಗೆಯ ಮೇಲಿಟ್ಟ ಪಿಂಗಾಣಿ ತಟ್ಟೆಯನ್ನು ತಾನೇ ತಿರುಗಿಸಿದ. ಎರಡು ಹೆಜ್ಜೆ ಹಿಂದೆ ಸರಿದು, ಕತ್ತು ವಾರೆ ಮಾಡಿ ನೋಡಿ, ತೃಪ್ತನಾದ.

ಪೆಟ್ಟಿಗೆಯೊಳಗಿದ್ದವಳು ಮಾರ್ಸೆಲಿನ್. ಕೊರ್ವಿಯೆರ್ ಊರಿನ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಅಡುಗೆ ಮಾಡಿ ಬಡಿಸಿದವಳು. ತಟ್ಟೆ ಅವಳದಲ್ಲ. ಜರ್ಮನಿಯ ಹಾಸೆಲ್‌ಟಾಲ್‌ಗೂ ಈ ಊರಿಗೂ ಗೆಳೆತನದ ಒಪ್ಪಂದವಾದಾಗಿನಿಂದ ಎರಡು ವರ್ಷಕ್ಕೊಮ್ಮೆ ಅಲ್ಲಿಂದ ಬಸ್ಸು ತುಂಬ ಅತಿಥಿಗಳು ಬರುತ್ತಿದ್ದರು. ಇಳಿಸಿಕೊಂಡ ಮನೆಯವರಿಗೆ ತಮ್ಮೂರ ಲಾಂಛನದ ತಟ್ಟೆ ಕೊಡುತ್ತಿದ್ದರು. ಮಾರ್ಸೆಲಿನ್‌ಳ ಮನೆಯಲ್ಲಿ ಹುಡುಕಿದರೆ ಅಂಥದ್ದೊಂದೂ ಸಿಗಲಿಲ್ಲ. ಸ್ನೇಹ ಸಮಿತಿಯ ಅಧ್ಯಕ್ಷ ರುಸ್ಲೋ ತನ್ನ ಗೋಡೆಯಿಂದಲೇ ಒಂದನ್ನು ಇಳಿಸಿ ತಂದಿದ್ದ.

ಅತಿಥಿಗಳು ಬರುವ ವಾರವೇ ಅವಳು ಸತ್ತದ್ದು ಅವನಿಗೆ ಅನುಕೂಲವಾಯಿತು. ಹಂಚಿದ ಕಾರ್ಯಕ್ರಮದ ಹಾಳೆಯಲ್ಲಿ ಒಂಬತ್ತಕ್ಕೆ ಚೀಸ್ ಕಾರ್ಖಾನೆ, ಹತ್ತೂವರೆಗೆ ಅಂತ್ಯಸಂಸ್ಕಾರ, ಹನ್ನೆರಡೂವರೆಗೆ ಬಾತುಕೋಳಿ ಊಟ.

ಮಾರ್ಸೆಲಿನ್‌ಳ ತಂಗಿ ಒಡೆಟ್ ಕೂತಿದ್ದುದು ಚರ್ಚಿನ ಎರಡನೆಯ ಸಾಲಿನಲ್ಲಿ. ಮೊದಲ ಸಾಲು ಎರಡೂ ಊರಿನ ಮೇಯರುಗಳಿಗೆ. "ಎಲ್ಲಾ ನಾವೇ ನೋಡ್ಕೋತೀವಿ ಮೇಡಂ" ಎಂದು ರುಸ್ಲೋ ಅಂದಾಗ ಹೂಂಗುಟ್ಟಿದ್ದವಳು ಅವಳೇ. ಅಕ್ಕನ ಸಂಸ್ಕಾರಕ್ಕೆ ದೊಡ್ಡವರೆಲ್ಲ ಬರುತ್ತಾರೆಂದು ಒಳಗೊಳಗೇ ಹಿಗ್ಗಿದ್ದಳು ಕೂಡ.

ಪಕ್ಕದಲ್ಲಿದ್ದ ಜಿನೆಟ್ ಶಾಲೆಯಲ್ಲಿ ಅಕ್ಕನ ಜೊತೆ ಪಾತ್ರೆ ತೊಳೆದವಳು. ಮೊಣಕೈಯಿಂದ ತಿವಿದಳು. "ಗೆರ್ಡ್ ಎಲ್ಲೇ?"

"ಬಂದಿದಾನಾ?"

"ಬಸ್ ತಾನೇ ಓಡ್ಕೊಂಡು ಬರುತ್ತಾ? ಚೌಕದಲ್ಲಿ ನಿಲ್ಸಿದಾನೆ. ಡ್ರೈವರ್ ಬಸ್ ಬಿಟ್ಟು ಇಳೀಬಾರ್ದಂತೆ, ಊಟಕ್ಕೆ ತಡ ಆಗುತ್ತಂತೆ. ಮೂರು ರಾತ್ರಿಯಿಂದ ಅದರಲ್ಲೇ ಮಲಗಿದಾನೆ."

"ಅಯ್ಯೋ, ಯಾರೂ ಕರೀಲಿಲ್ವಾ?"

"ನೀನು ಕರೆದ್ಯಾ?"

ಒಡೆಟ್ ಕೈಯಲ್ಲಿದ್ದ ಕಾರ್ಯಕ್ರಮದ ಹಾಳೆ ಮಡಚಿದಳು. ಆಸ್ಪತ್ರೆಯಲ್ಲಿ ಅಕ್ಕ ಅವಳ ಕೈ ಹಿಡಿದು ಕೇಳಿದ್ದು ಒಂದೇ: "ಗೆರ್ಡ್ ಬರ್ತಾನೆ. ನನ್ನ ನೋಡ್ದೇ ವಾಪಸ್ ಹೋಗೋ ಹಾಗೆ ಮಾಡ್ಬೇಡ ಕಣೆ."

*

ಮೂವತ್ತೆರಡು ವರ್ಷದ ಹಿಂದೆ, ಪುರಭವನ. ಮೊದಲ ಬಸ್ಸು ಬಂದಿತ್ತು. ರುಸ್ಲೋ ಪಟ್ಟಿ ಓದುತ್ತಿದ್ದ. ಜರ್ಮನ್ ವೈದ್ಯರು ಇಲ್ಲಿನ ವೈದ್ಯರ ಮನೆಗೆ, ವಕೀಲರು ವಕೀಲರ ಮನೆಗೆ. ಸಮಸಮಕ್ಕೆ ಜೋಡಿ ಮಾಡಿದ್ದ, ಗಾಡಿಗೆ ಕುದುರೆ ಕಟ್ಟಿದ ಹಾಗೆ. ಕೊನೆಗೆ ಬಾಗಿಲ ಹತ್ತಿರ ಟೋಪಿ ಹಿಡಿದುಕೊಂಡು ಒಬ್ಬ ಉಳಿದ.

"ಡ್ರೈವರ್‌ನ ಯಾರು ಕರ್ಕೊಂಡ್ಹೋಗ್ತೀರಿ?"

ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು. ಅಡುಗೆಮನೆಯ ಬಾಗಿಲಲ್ಲಿ ಮಾರ್ಸೆಲಿನ್ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಿದ್ದಳು.

"ನಮ್ಮನೇಲಿ ಒಂದು ಮಂಚ ಖಾಲಿ ಇದೆ."

"ಸರಿ ಹೋಯ್ತು ಬಿಡಿ," ಎಂದು ಯಾರೋ ನಕ್ಕರು.

ಅಲ್ಲಿಂದ ಮುಂದೆ ಪ್ರತಿ ಸಲವೂ ಗೆರ್ಡ್ ಅವಳ ಪಾಲು. ಅವನು ಅತಿಥಿಯಲ್ಲವಾದ್ದರಿಂದ ತಟ್ಟೆ ತರುವಂತಿರಲಿಲ್ಲ. ಬಂದವನೇ ಅಂಗಿ ತೋಳು ಮಡಚಿ, ಸೋರುವ ನಲ್ಲಿ ಬಿಗಿ ಮಾಡುತ್ತಿದ್ದ, ಗೇಟಿನ ತಿರುಗಣಿಗೆ ಎಣ್ಣೆ ಬಿಡುತ್ತಿದ್ದ. ಅವನಿಗೆ ಬರುತ್ತಿದ್ದುದು ಇವರ ಭಾಷೆಯ ಐದಾರು ಮಾತು, ಅವಳಿಗೆ ಅವನ ಭಾಷೆಯ ಅಷ್ಟೂ ಬಾರದು. ಇಬ್ಬರೂ ಅಡುಗೆಮನೆಯ ಮೇಜಿನ ಎರಡು ಬದಿ ಕೂತು ಸೂಪು ಕುಡಿಯುತ್ತಿದ್ದರು. ಒಂದು ಭಾನುವಾರ ಅಕ್ಕ ಅವನನ್ನೂ ಕರೆದುಕೊಂಡು ಊಟಕ್ಕೆ ಬರಲೇ ಎಂದು ಕೇಳಿದಾಗ ಒಡೆಟ್ ಅಂದಿದ್ದಳು: "ನನ್ನ ಮೇಜಿಗೆ ಡೀಸೆಲ್ ವಾಸನೆ ಬೇಡಮ್ಮಾ."

ಬೇರೆ ವರ್ಷಗಳಲ್ಲಿ ಇಲ್ಲಿಂದ ಹಾಸೆಲ್‌ಟಾಲ್‌ಗೆ ಬಸ್ಸು ಹೊರಡುತ್ತಿತ್ತು. ಪ್ರತಿ ಸಲವೂ ಮಾರ್ಸೆಲಿನ್ ಹೆಸರು ಕೊಡುತ್ತಿದ್ದಳು. ಪ್ರತಿ ಸಲವೂ ಸೀಟು ತುಂಬಿರುತ್ತಿತ್ತು. ಹೊರಟವರ ದಾರಿಯ ತಿಂಡಿ ಮಾತ್ರ ಅವಳೇ ಕಟ್ಟಿಕೊಡಬೇಕು.

*

ಈ ಊರಿನ ಮೇಯರು ಮಾರ್ಸೆಲಿನ್‌ಳನ್ನು "ನಮ್ಮ ಎರಡು ಊರುಗಳ ನಡುವಿನ ಸೇತುವೆ" ಎಂದರು. ಒಂದು ಸಲವೂ ಗಡಿ ದಾಟದ ಹೆಂಗಸು ಹೆಗಲ ಮೇಲೆ ಯಾರನ್ನು ದಾಟಿಸಿದಳೋ. ಹಿಂದೆ ಯಾರೋ ಗಡಿಯಾರ ನೋಡಿ, "ಬಾತುಕೋಳಿ ಒಣಗಿಹೋಗುತ್ತೆ ಇನ್ನು," ಎಂದು ಪಿಸುಗುಟ್ಟಿದರು.

ಪವಿತ್ರಜಲ ಚಿಮುಕಿಸುವ ಹಿಡಿಕೋಲು ಕೈಯಿಂದ ಕೈಗೆ ದಾಟತೊಡಗಿತು. ಅದಕ್ಕೂ ರುಸ್ಲೋನ ಪಟ್ಟಿಯಿತ್ತು. ಮೇಯರು ಚಿಮುಕಿಸಿದರು, ಆ ಊರಿನ ಮೇಯರು ಚಿಮುಕಿಸಿದರು, ರುಸ್ಲೋ ಕ್ಯಾಮೆರಾಕ್ಕೆಂದು ಎರಡು ಸಲ ಚಿಮುಕಿಸಿದ. ಪೆಟ್ಟಿಗೆಯ ಮುಚ್ಚಳದ ಮೇಲೆಲ್ಲ ಹನಿ ನಿಂತಿತು, ತಟ್ಟೆಯಲ್ಲೂ ನಿಂತಿತು. ಒಂಬತ್ತನೆಯವಳಾಗಿ ಒಡೆಟ್‌ಳ ಕೈಗೆ ಕೋಲು ಬಂತು.

ಅವಳು ಚಿಮುಕಿಸಲಿಲ್ಲ. ಕೋಲು ಹಿಡಿದುಕೊಂಡೇ ತಿರುಗಿ, ಸಾಲುಗಳ ನಡುವೆ ಬಾಗಿಲ ಕಡೆ ನಡೆದಳು.

"ಮೇಡಂ! ಎಲ್ಲಿಗೆ? ಎಲ್ಲರೂ ಕಾಯ್ತಿದಾರೆ!"

"ಕಾಯ್ಲಿ."

ಗೆರ್ಡ್ ಸ್ಟಿಯರಿಂಗ್ ಹಿಂದೆ ಕೂತಿದ್ದ. ಮುದುರಿದ ಬಿಳಿ ಅಂಗಿ, ಕಪ್ಪು ಟೈ. ಯಾರೂ ಕರೆಯದಿದ್ದರೂ ಸಿದ್ಧನಾಗಿದ್ದ. ಒಡೆಟ್ ಕಿಟಕಿ ಬಡಿದಳು. ಅವನು ಗಾಜಿಗೆ ಅಂಟಿಸಿದ ಕಾರ್ಯಕ್ರಮದ ಹಾಳೆ ತೋರಿಸಿ, ಆಗದು ಎಂಬಂತೆ ತಲೆಯಾಡಿಸಿದ.

"ಮಾರ್ಸೆಲಿನ್," ಎಂದಳು ಒಡೆಟ್. ಬೇರೆ ಯಾವ ಮಾತೂ ಅವಳಿಗೆ ತಿಳಿಯಲಿಲ್ಲ.

ಅವನು ಇಳಿದ. ಕೈ ಸ್ವಚ್ಛವಾಗಿಯೇ ಇತ್ತು, ಆದರೂ ಪ್ಯಾಂಟಿಗೆ ಎರಡು ಸಲ ಒರೆಸಿಕೊಂಡ.

ಚರ್ಚಿನೊಳಗೆ ಸಾಲು ಬಿರಿದು ದಾರಿ ಬಿಟ್ಟಿತು. ಗೆರ್ಡ್ ಕೋಲು ತೆಗೆದುಕೊಂಡು ಪೆಟ್ಟಿಗೆಯ ಮೇಲೆ ಆಡಿಸಿದ. ಚೌಕದ ಬಿಸಿಲು ಗಾಳಿಗೆ ಅದು ಒಣಗಿತ್ತು, ಒಂದು ಹನಿಯೂ ಬೀಳಲಿಲ್ಲ. ಅವನು ಕೋಲನ್ನು ಪಾದ್ರಿಗೆ ಕೊಟ್ಟು, ಊಟ ಮುಗಿದ ಮೇಜು ತೆರವು ಮಾಡುವವನಂತೆ ಎರಡೂ ಕೈಯಲ್ಲಿ ತಟ್ಟೆ ಎತ್ತಿ ರುಸ್ಲೋಗೆ ಹಿಡಿಸಿದ. ತಟ್ಟೆಯ ನೀರು ರುಸ್ಲೋನ ಅಂಗಿಯ ತೋಳಿನೊಳಗೆ ಇಳಿಯಿತು. ಫೋಟೋದವನು ಕ್ಯಾಮೆರಾ ಎತ್ತಿದ. ಒಡೆಟ್ ಅವನಿಗೆ ಅಡ್ಡವಾಗಿ ನಿಂತಳು.

ಒದ್ದೆ ಮುಚ್ಚಳದ ನಡುವೆ ತಟ್ಟೆಯಗಲ ಮರ ಒಣಗಿಯೇ ಇತ್ತು. ಗೆರ್ಡ್ ತನ್ನ ಅಂಗೈಯನ್ನು ಅಲ್ಲಿ ಊರಿದ.