ಕೊಡೇಕಲ್ಲಿನ ಕಡಲ ದಂಡೆ

ಅಂಗಳಕ್ಕೆ ಹಾಸಿದ್ದ ಫರಸಿಕಲ್ಲು ಕಾದಾಗ ಅದರ ಮೇಲೆ ನೀರು ಚೆಲ್ಲಿದಾಗ ಏಳುತ್ತಿದ್ದ ವಾಸನೆ, ಸುರಪುರದ ನಮ್ಮ ಮನೆಯ ಬೇಸಿಗೆ ಸಂಜೆಗಳಲ್ಲಿ, ಮಕ್ಕಳಾದ ನಮಗೆ ತಿಂಡಿಗಿಂತ ಇಷ್ಟವಾಗಿತ್ತು. ಆ ಕಲ್ಲು ಒಂದು ಕಾಲದ ಸಮುದ್ರದ ಕೆಸರು ಎಂದು ನನಗೆ ತಿಳಿಸಿದ್ದು ತಂಗಿಯ ಮಗಳು ದೇವಿಕಾ. ಶಹಾಪುರದ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಾಳೆ. ನಮ್ಮ ಯಾದಗಿರಿ ಜಿಲ್ಲೆಗೂ ಸಮುದ್ರವಿತ್ತಂತೆ. ಕೋಟ್ಯಂತರ ವರ್ಷಗಳ ಹಿಂದೆಯೇ ಎದ್ದು ಹೋಯಿತಂತೆ. ಇಲ್ಲಿಯ ಬಿಸಿಲು ಕಂಡವರು ಅದನ್ನು ದೂರಲಾರರು.

ಅದು ಬಿಟ್ಟುಹೋದ ದಂಡೆ ಕೊಡೇಕಲ್ಲಿನ ಆಚೆ ಇದೆ. ಗೋಡೆಯಂತೆ ಕಡಿದಾದ ಮರಳುಗಲ್ಲಿನ ಗುಡ್ಡ, ಬುಡದಲ್ಲೊಂದು ಹಾಸುಬಂಡೆ, ಅದರ ತುಂಬ ಅಲೆಗಳು ಬಿಟ್ಟ ಗೆರೆ. ಆ ಗೆರೆಗಳನ್ನು ಸರ್ಕಾರ ಕಳಿಸುವ ತಜ್ಞರ ಸಮಿತಿ ಕಣ್ಣಾರೆ ಕಂಡರೆ ಗುಡ್ಡಕ್ಕೆ ರಕ್ಷಣೆ; ಇಲ್ಲವಾದರೆ ಅದು ಕಲ್ಲುಗಣಿಯ ಪಾಲು. ದೇವಿಕಾ ವರ್ಷಗಟ್ಟಲೆ ಅರ್ಜಿ ಬರೆದಳು. ಸರ್ಕಾರವೂ ಆ ಬಂಡೆಯಷ್ಟೇ ಚುರುಕಾಗಿ ಸ್ಪಂದಿಸಿತು.

ಕೊನೆಗೂ ಸಮಿತಿ ಬರುವ ದಿನ ಬಂತು. ನಾನೂ ದೇವಿಕಾಳ ಜೊತೆ ಹೋದೆ. ದೊಡ್ಡವರು ಬರುತ್ತಾರೆಂದರೆ ನಮ್ಮಲ್ಲಿ ಕಲ್ಲಿಗೂ ಶೃಂಗಾರವಾಗಬೇಕು. ಪಂಚಾಯಿತಿಯವರು ಗುಡ್ಡದ ಬುಡಕ್ಕೆ ಸುಣ್ಣ ಬಳಿಸಿ, ಹಾಸುಬಂಡೆಯ ಮೇಲೆ ಶಾಮಿಯಾನ ಹಾಕಿಸಿ ಕುರ್ಚಿ ಜೋಡಿಸಿದ್ದರು. ಒಂದು ಕುರ್ಚಿಯೂ ಅಲುಗುತ್ತಿರಲಿಲ್ಲ.

ಕಲ್ಲುಕುಟಿಗ ಜಮಾಲಸಾಬ ಉಳಿ ಹಿಡಿದೇ ಎದುರು ಬಂದ. ದೇವಿಕಾ ಇಲ್ಲಿಗೆ ಬಂದಾಗೆಲ್ಲ ಗಡಿಗೆಯ ತಣ್ಣೀರು ಕೊಟ್ಟವನು ಅವನೇ.

"ಬರ್ರಿ ಅಕ್ಕಾರ! ಈ ಹಾಸುಬಂಡಿ ಭಾಳ ಏರುಪೇರು ಇತ್ರಿ. ಸಾಹೇಬ್ರ ಕುರ್ಚಿ ನಿಲ್ಲಂಗಿಲ್ಲಂತ ಹೊಡದು ಸಪಾಟ ಮಾಡೇನಿ. ಪಗಾರ ಬ್ಯಾಡಂದೇನಿ. ನಿಮ್ಮ ಕೆಲಸ ಅಲ್ಲೇನ್ರಿ?"

ಅಷ್ಟು ವರ್ಷಗಳ ಮಳೆಗಾಳಿಗೆ ಅಳಿಯದ ಗೆರೆಗಳು ನಮ್ಮ ಅತಿಥಿ ಸತ್ಕಾರಕ್ಕೆ ಅಳಿದಿದ್ದವು.

ಬೆಂಗಳೂರಿನಿಂದ ಬಂದ ಸಮಿತಿಯ ಹಿರಿಯರು ಬಗ್ಗಿ ನೋಡಿ ಕೆಂಪಾದರು. "ಯಾರ್ರೀ ಇದನ್ನ ಕೆತ್ತಿದ್ದು? ಕೇಸ್ ಹಾಕಿಸ್ತೀನಿ!"

ಜಮಾಲಸಾಬ ಉಳಿಯನ್ನು ಬೆನ್ನ ಹಿಂದೆ ಸರಿಸಿದ.

"ನಾನೇ ಮಾಡಿಸಿದ್ದು ಸರ್," ಎಂದಳು ದೇವಿಕಾ. "ಬಂಡಿ ಸ್ವಚ್ಛ ಮಾಡ್ರಿ ಅಂದಿದ್ದೆ. ಹೆಂಗಂತ ಹೇಳೋದು ಮರತೆ."

"ನಿಮ್ಮಂಥ ಭೂವಿಜ್ಞಾನಿ ಇರುವಾಗ ಗಣಿಯವರು ಯಾಕೆ ಬೇಕಮ್ಮ? ಇಲ್ಲಿ ಕಾಪಾಡೋಕೆ ಏನೂ ಉಳಿದಿಲ್ಲ ಅಂತ ಬರೀತೀವಿ."

ಹಾಗೆಂದು ಅವರು, ಸಂಕಟದಲ್ಲೂ ಗೋಡಂಬಿಯ ತಟ್ಟೆ ಖಾಲಿ ಮಾಡಿಯೇ, ಕಾರು ಹತ್ತಿದರು. ಪಂಚಾಯಿತಿಯವರು ಕುರ್ಚಿ ಎಣಿಸಲು ಓಡಿದರು.

ದೇವಿಕಾ ಬಂಡೆಯ ಅಂಚಿನಲ್ಲಿ ಕುಸಿದು ಕೂತಳು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಜಮಾಲಸಾಬ ಹತ್ತಿರ ಬಂದ.

"ಅಕ್ಕಾರ, ಆ ಗೆರಿ..." ಎಂದು ಶುರುಮಾಡಿ ನಿಲ್ಲಿಸಿದ. ಆಮೇಲೆ ತನ್ನ ಬುತ್ತಿ ಬಿಚ್ಚಿ, ಜೋಳದ ರೊಟ್ಟಿ, ಪುಂಡಿಪಲ್ಲೆಯನ್ನು ಬಟ್ಟೆಯ ಸಮೇತ ಅವಳ ಕೈಯಲ್ಲಿಟ್ಟ.