ಗಾಳಿಸಿದ ನೀರು ಮತ್ತು ನೀಲಿ ಡ್ರಮ್ಮು

ಬೇಸಿಗೆ ಬಂತೆಂದರೆ ನಮ್ಮ ಇಚಲಕರಂಜಿ ಕಡೆ ನೀರಿನದೇ ಮಾತು. ನಳಕ್ಕೆ ನೀರು ಇವತ್ತು ಬರುತ್ತದೋ, ನಾಳೆ ಬರುತ್ತದೋ, ಆ ದೇವರಿಗೇ ಗೊತ್ತು. ಅದಕ್ಕೇ ಇಲ್ಲಿ ಯಾರ ಮನೆ ಮುಂದೆ ನೋಡಿದರೂ ಒಂದು ನೀಲಿ ಡ್ರಮ್ಮು. ಬಂದಾಗ ತುಂಬಿಸು, ಬರದಾಗ ಕುಡಿ. ಈ ಕಥೆ ಅಂಥದೇ ಡ್ರಮ್ಮಿನದು.

ನಾನು ನೂತನ, ಇಚಲಕರಂಜಿ ಮಗ್ಗುಲಿನ ಕೊರೋಚಿ ಹಳ್ಳಿಯವಳು. ನನ್ನ ನೆಗೆಣ್ಣಿ ಮಂಗಲ ನಮ್ಮ ಮನೆಯ ಹಿರಿಸೊಸೆ. ನಾನು ಆಕೆಯನ್ನು ಅಕ್ಕಾ ಎನ್ನುತ್ತೇನೆ. ನಮ್ಮ ಮಾವ ಬಾಳಗೊಂಡ ಅವರ ಕಾಲದಿಂದ ಯುಗಾದಿ ಪಾಡವ್ಯದ ದಿನ ಮಗ್ಗದ ಓಣಿಯ ಮೂಲೆಯಲ್ಲಿ ನಮ್ಮ ಪಾಣಪೋಯಿ ಶುರುವಾಗುತ್ತದೆ. ಪಾಣಪೋಯಿ ಎಂದರೆ ದಾರಿಹೋಕರಿಗೆ ಪುಕ್ಕಟೆ ಕುಡಿಯುವ ನೀರು. ಪಾಳಿ ಮುಗಿಸಿದ ಮಗ್ಗದವರು ಮೈತುಂಬ ಹತ್ತಿಯ ಧೂಳು ಹೊತ್ತು ಬಂದು, ಎರಡು ತಂಬಿಗೆ ಕುಡಿದು, "ಬಾಳಗೊಂಡನ ಮನಿ ನೀರಂದ್ರ ನೀರು ನೋಡ್ರಿ!" ಎಂದು ಹೋಗುತ್ತಾರೆ. ಆ ಮಾತು ಕೇಳಿದಾಗ ಅಕ್ಕನ ಮುಖ ನೋಡಬೇಕು.

ಆ ಹೆಸರು ಸುಮ್ಮನೆ ಬಂದದ್ದಲ್ಲ. ನಮ್ಮದು ಜೈನರ ಮನೆ. ಅಕ್ಕ ಬಾವಿಯ ನೀರನ್ನು ಎರಡು ಮಡಿಕೆಯ ಬಿಳಿ ಬಟ್ಟೆಯಲ್ಲಿ ಗಾಳಿಸಿ, ಕಾಯಿಸಿ, ಆರಿಸಿ ಇಡುತ್ತಾಳೆ. ಗಾಳಿಸಿದ ಬಟ್ಟೆಯನ್ನು ಹಿಂಡುವ ಹಾಗಿಲ್ಲ. ಕಣ್ಣಿಗೆ ಕಾಣದ ಜೀವಗಳು ಅದಕ್ಕೆ ಅಂಟಿರುತ್ತವಲ್ಲ! ಸೋಸಿದ ನೀರನ್ನೇ ಮೇಲೆ ಹನಿಸಿ, ಅವನ್ನು ಮೆಲ್ಲಗೆ ತಿರುಗಿ ಬಾವಿಗೇ ಬಿಡಬೇಕು. ಇದಕ್ಕೆ ನಾವು ಜೀವಾಣಿ ಎನ್ನುತ್ತೇವೆ. ಅಕ್ಕ ಜ್ವರ ಬಂದ ದಿನವೂ ಇದನ್ನು ತಪ್ಪಿಸಿದವಳಲ್ಲ.

ಈ ವರ್ಷ ಪಾಡವ್ಯದ ಮುಂಚೆ ನೂಲಿನ ಗಂಟು ತುಂಬಿದ ಒಂದು ಟೆಂಪೋ ಹಿಂದಕ್ಕೆ ಬಂದು ಬಡಿದು, ನಮ್ಮ ಮಾವ ಇಟ್ಟಿದ್ದ ರಾಂಜಣ, ಅಂದರೆ ನೀರು ತುಂಬುವ ದೊಡ್ಡ ಮಣ್ಣಿನ ಮಡಕೆ, ಚೂರುಚೂರಾಯಿತು. ಅಕ್ಕನ ಗಂಡ ಜಿನಗೊಂಡ ಭಾವನವರು ತಡಮಾಡಲಿಲ್ಲ. ಹಳೆಯ ಡ್ರಮ್ಮು ಮಾರುವ ಕಾಕಾಸಾಹೇಬನ ಅಂಗಡಿಯಿಂದ ಗಟ್ಟಿಮುಟ್ಟಾದ ಎರಡು ನೀಲಿ ಡ್ರಮ್ಮು ತಂದರು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗೆ ಔಷಧ, ಅಂದರೆ ರಾಸಾಯನಿಕ, ತುಂಬಿ ಬಂದಿದ್ದ ಡ್ರಮ್ಮುಗಳು ಅವು. ಭಾವನವರು ಸೋಡಾ ಹಾಕಿ ತಿಕ್ಕಿದರು, ಹುಣಸೆಹಣ್ಣು ಹಚ್ಚಿ ತಿಕ್ಕಿದರು, ಬಿಸಿಲಿಗೆ ಬೋರಲು ಹಾಕಿದರು.

"ಈಗ ಮೂಸ ನೋಡ. ಏನರ ವಾಸನಿ ಐತೇನ?" ಎಂದು ಹೆಮ್ಮೆಯಿಂದ ಕೇಳಿದರು. ನಾನು ಮೂಸಿದೆ, ಏನೂ ಬರಲಿಲ್ಲ. ಪಾಣಪೋಯಿ ಶುರುವಾಯಿತು.

ನಮ್ಮ ಓಣಿಯಲ್ಲಿ ಮುದಕವ್ವ ಎಂಬ ಹಿರಿಯಳಿದ್ದಾಳೆ. ಮಗ ಬಸವಂತ ಮಗ್ಗ ನಡೆಸುತ್ತಾನೆ. ಸೊಸೆ ವೃಷಾಲಿ ಈಗ ಬಸುರಿ. ಎಷ್ಟೋ ಹರಕೆ ಹೊತ್ತ ಮೇಲೆ ನಿಂತ ಬಸುರು. ಮುದಕವ್ವನಂತೂ ಸೊಸೆಯನ್ನು ಅಂಗೈ ಮೇಲೆ ಇಟ್ಟುಕೊಂಡಿದ್ದಳು. ನಳದ ನೀರನ್ನು ಕುಡಿಸದೆ ದಿನಾ ಕೊಡ ಹಿಡಿದು ನಮ್ಮ ಪಾಣಪೋಯಿಗೇ ಬರುತ್ತಿದ್ದಳು. "ನನ್ನ ಸೊಸಿಗಿ ಬಾಳಗೊಂಡನ ಮನಿ ನೀರ ಬಿಟ್ಟು ಬ್ಯಾರೆ ನೀರ ಕೊಡಂಗಿಲ್ಲವಾ" ಎನ್ನುತ್ತಿದ್ದಳು.

ಬಿಸಿಲು ಏರಿದ ಒಂದು ದಿನ ಅತ್ತೆಯ ಜೊತೆ ಬಂದ ವೃಷಾಲಿ ಅಲ್ಲಿಯೇ ನಿಂತು ಒಂದು ತಂಬಿಗೆ ನೀರು ಬಾಯಿಗಿಟ್ಟವಳು ಮುಖ ಕಿವುಚಿದಳು.

"ಮಾವಶಿ, ಸಿಟ್ಟಾಗಬ್ಯಾಡ್ರಿ. ನೀರಾಗ ಏನೋ ವಾಸನಿ ಬರಾಕತ್ತೈತಿ" ಎಂದು ಅಕ್ಕನಿಗೆ ಹೇಳಿದಳು. ಮಾವಶಿ, ಕಾಕೂ ಎಂದರೆ ನಮ್ಮ ಕಡೆ ಚಿಕ್ಕಮ್ಮ.

ನೀರು ಹಾಕುತ್ತಿದ್ದ ಅಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ. "ಬಸುರಿಗೆ ಹಂಗ ಅನಸ್ತೈತಿ. ಅನ್ನದಾಗೂ ವಾಸನಿ, ನೀರಾಗೂ ವಾಸನಿ" ಎಂದುಬಿಟ್ಟಳು.

ಅಷ್ಟರಲ್ಲಿ ವೃಷಾಲಿಯನ್ನು ತಪಾಸಣೆಗೆ ಕರೆದೊಯ್ಯಲು ಆಶಾ ಕಾರ್ಯಕರ್ತೆ ರುಪಾಲಿ ಬಂದಳು. ನಮ್ಮ ಓಣಿಯದೇ ಹುಡುಗಿ. ವಾಸನೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಡ್ರಮ್ಮಿನ ಸುತ್ತ ಒಂದು ಸುತ್ತು ಬಂದಳು. ಹಿಂಬದಿಗೆ ಅರ್ಧ ಕೆರೆದ ಚೀಟಿ ಇತ್ತು. ಅದರ ಮೇಲೆ ಕೆಂಪು ಗೆರೆಯ ಚೌಕದೊಳಗೆ ಅಪಾಯದ ಗುರುತು. ರುಪಾಲಿ ವೃಷಾಲಿಯ ಕೈಯಿಂದ ತಂಬಿಗೆ ಕಿತ್ತುಕೊಂಡು ನೀರು ಚೆಲ್ಲಿದಳು.

"ಏನ ಮಾಡಾಕತ್ತಿ? ಬಾಳಗೊಂಡನ ಮನಿ ನೀರ ಚೆಲ್ಲತೀಯೇನ?" ಅಕ್ಕ ಕೂಗಿದಳು.

"ಕಾಕೂ, ನೀರಿಗೆ ನಾ ಹೆಸರ ಇಡೂದಿಲ್ಲ. ನೀರ ಬಂಗಾರದಂಥಾದ್ದು. ಡ್ರಮ್ಮ ವಿಷದ್ದು."

ಗದ್ದಲ ಕೇಳಿ ಭಾವನವರು ಹೊರಗೆ ಬಂದರು. "ಏ ರುಪಾಲಿ, ನಾನ ಕೈಯಾರೆ ತಿಕ್ಕೇನಿ! ಇಡೀ ಇಚಲಕರಂಜಿ ಇಂಥಾದ್ರಾಗ ನೀರ ಇಡತೈತಿ. ಯಾರ ಸತ್ತಾರ?"

"ಒಮ್ಮಿಂದೊಮ್ಮೆ ಯಾರೂ ಸಾಯಂಗಿಲ್ರಿ ಕಾಕಾ, ಅದಕ್ಕ ಯಾರಿಗೂ ಗೊತ್ತಾಗಂಗಿಲ್ಲ. ಪ್ಲಾಸ್ಟಿಕ್ ಔಷಧ ಕುಡದಿರತೈತಿ. ಮ್ಯಾಲ ತಿಕ್ಕಿದ್ರ ಒಳಗಿಂದು ಹೋಗಂಗಿಲ್ಲ. ಬಿಸಲಿಗೆ ಡ್ರಮ್ಮ ಕಾದಂಗ ಅದು ಮತ್ತ ನೀರಾಗ ಇಳೀತೈತಿ. ನೀವು ತಿಕ್ಕಿದ್ದು ಹೊಳ್ಯಾಗ ಹುಣಸಿಹಣ್ಣ ತೊಳದಂಗಾತು."

"ನಾ ನೀರ ಕಾಯಿಸಿ ಹಾಕ್ತೇನಿ" ಅಕ್ಕ ಬಿಡಲಿಲ್ಲ.

"ಕಾಯಿಸಿದ್ರ ರೋಗದ ಹುಳ ಸಾಯ್ತಾವ್ರಿ. ಔಷಧ ಸಾಯಂಗಿಲ್ಲ. ಅದೂ ನೀವು ಕಾಯಿಸೂದು ಡ್ರಮ್ಮಿಗೆ ಹಾಕೂಕಿಂತ ಮದ್ಲ. ಕಾಕೂ, ನಿಮ್ಮ ತವರಮನಿ ಹುಪರಿ ಅಲ್ಲೇನ? ಬೆಳ್ಳಿ ತೊಳಿಯೋ ಆಸಿಡ್ಡಿನ ಕ್ಯಾನು ಖಾಲಿ ಆದಮ್ಯಾಲ ನಿಮ್ಮವ್ವ ಅದರಾಗ ಮಜ್ಜಿಗಿ ತುಂಬತಿದ್ಲೇನ?"

ಅಕ್ಕ ಬಗ್ಗಿ ಆ ಚೀಟಿಯನ್ನು ನೋಡಿದಳು. ಹುಪರಿಯ ಅವಳ ಮನೆಯಲ್ಲಿ ಬೆಳ್ಳಿಯ ಗೆಜ್ಜೆ ಮಾಡುತ್ತಾರೆ. ಆ ಕ್ಯಾನು ಅಡುಗೆಮನೆಯ ಹೊಸ್ತಿಲು ದಾಟಿದರೆ ಅವಳ ಅಪ್ಪ ಮನೆಯನ್ನೇ ತಲೆ ಮೇಲೆ ಹೊರುತ್ತಿದ್ದರಂತೆ. ಇದನ್ನು ಅಕ್ಕನೇ ನನಗೆ ಎಷ್ಟೋ ಸಲ ಹೇಳಿದ್ದಾಳೆ.

ರುಪಾಲಿ ದನಿ ಇಳಿಸಿದಳು. "ಕಾಕೂ, ಬಟ್ಟಿಗೆ ಹತ್ತಿದ ಕಣ್ಣಿಗೆ ಕಾಣದ ಜೀವ ಸಾಯಬಾರದಂತ ಜೀವಾಣಿ ಮಾಡತೀರಿ. ಇಷ್ಟು ಕಾಳಜಿ ಮಾಡೋ ಮಂದಿ ನಾ ಬ್ಯಾರೆ ಕಡೆ ನೋಡಿಲ್ಲ. ವೃಷಾಲಿ ಹೊಟ್ಯಾಗೂ ಒಂದು ಕಣ್ಣಿಗೆ ಕಾಣದ ಜೀವ ಐತ್ರಿ."

ಮುದಕವ್ವ ಕೊಡವನ್ನು ಕೆಳಗಿಟ್ಟು, "ಅಯ್ಯ ಶಿವನ, ನಾನ ಕುಡಿಸಿದೆನಲ್ಲೋ!" ಎಂದು ಎದೆ ಬಡಿದುಕೊಂಡಳು. ಅಕ್ಕನ ಕಣ್ಣು ತುಂಬಿತು. ಡ್ರಮ್ಮಿನ ಬಾಯಿ ಹಿಡಿದು ತಾನೇ ಉರುಳಿಸಿದಳು. ಗಾಳಿಸಿದ, ಕಾಯಿಸಿದ ಅಷ್ಟೂ ನೀರು ಗಟಾರಕ್ಕೆ ಹರಿಯಿತು.

"ನಡೀ ವೃಷಾಲಿ, ದವಾಖಾನಿಗೆ ನಾನೂ ಬರತೇನಿ" ಎಂದಳು.

ಡಾಕ್ಟರ್ ತಪಾಸಣೆ ಮಾಡಿದರು. "ಕೂಸು ಚೆನ್ನಾಗಿದೆ, ಆದರೆ ಇನ್ನು ಆ ನೀರು ಬೇಡ" ಎಂದರು. ಮುದಕವ್ವ ಅಲ್ಲೇ ಗೋಡೆಗೆ ಒರಗಿ ಅತ್ತಳು. ಅಕ್ಕನೂ ಅತ್ತಳು.

ತಿರುಗಿ ಬರುವಾಗ ದಾರಿಯುದ್ದಕ್ಕೂ ಅಕ್ಕನ ಸಿಟ್ಟು ಬೇರೆ ಕಡೆ ಹೊರಳಿತು. "ಇಂಥಾ ಡ್ರಮ್ಮ ಮಾರಾಕ ಬಿಡತಾರಲ್ಲ! ಸರ್ಕಾರ ಮಲಗೇತೇನ?"

"ನಿಯಮ ಐತ್ರಿ ಕಾಕೂ" ಎಂದಳು ರುಪಾಲಿ. "ನೀರಿನ ಟಾಕಿಗೆ ಐಎಸ್‌ಐ ಗುರುತು ಐತಿ. ಕುಡಿಯೋ ನೀರಿನ ಪಿವಿಸಿ ಪೈಪಿನಾಗ ಸೀಸ ಹಾಕಬಾರದಂತ ಕೇಂದ್ರ ಸರ್ಕಾರದ ನಿಯಮ ಐತಿ. ಆದ್ರ ನಾವು ಅಂಗಡಿಗೆ ಹೋಗಿ ಏನ ಕೇಳತೇವಿ? ಗಟ್ಟಿ ಐತೇನ, ಸೋವಿ ಐತೇನ, ಇಷ್ಟ. ನೀರು ಎಲ್ಲಿಂದ ಬಂತು ಅಂತ ನೋಡತೇವಿ. ಯಾವುದನ್ನ ಮುಟ್ಟಿ ಬಂತು ಅಂತ ನೋಡಂಗಿಲ್ಲ. ಕೇಳೋರ ಇಲ್ಲಂದ್ರ ನಿಯಮ ಏನ ಮಾಡೀತು?"

"ಹಂಗಾದ್ರ ನಾ ಕೇಳತೇನಿ" ಎಂದಳು ಅಕ್ಕ.

ಕೇಳಿಯೇಬಿಟ್ಟಳು! ಗ್ರಾಮಸಭೆಯಲ್ಲಿ ಎಂದೂ ಬಾಯಿ ತೆರೆಯದ ನನ್ನ ಅಕ್ಕ, ನಮ್ಮ ಬಚತ್ ಗಟದ, ಅಂದರೆ ಉಳಿತಾಯ ಸಂಘದ, ಹೆಂಗಸರನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡು ಹೋಗಿ ಎದ್ದು ನಿಂತಳು.

"ನಮ್ಮ ಮನಿ ನೀರಿಗೆ ಹೆಸರೈತಂತ ನಾ ಭಾಳ ಮೆರದೆ. ಬಟ್ಟಿ ನೋಡಿದೆ, ಬೆಂಕಿ ನೋಡಿದೆ, ಡ್ರಮ್ಮ ನೋಡ್ಲಿಲ್ಲ. ಇನ್ನ ನಮ್ಮ ಊರಾಗ ಅಂಗನವಾಡಿ ಇರಲಿ, ಸಾಲಿ ಇರಲಿ, ಪಾಣಪೋಯಿ ಇರಲಿ, ಗುರುತು ಇಲ್ಲದ ಟಾಕಿ, ಪೈಪು ಬ್ಯಾಡ. ಔಷಧದ ಡ್ರಮ್ಮಿನ ಮ್ಯಾಲ 'ಕುಡಿಯುವ ನೀರಿಗೆ ಅಲ್ಲ' ಅಂತ ದೊಡ್ಡದಾಗಿ ಬರಿಯಾಕ ಬೇಕು, ಕನ್ನಡದಾಗೂ ಮರಾಠಿಯಾಗೂ."

ಹಿಂದಿನಿಂದ ಕಾಕಾಸಾಹೇಬ ಎದ್ದ. "ವಹಿನೀ, ಮಾಝ್ಯಾ ಧಂದ್ಯಾಚ್ಯಾ ಮಾಗಂ ಕಾ ಲಾಗಲಾಯ? ಅತ್ತಿಗಿ, ನನ್ನ ಧಂದೆದ ಬೆನ್ನ ಯಾಕ ಹತ್ತೀರಿ?"

"ಧಂದೆ ಮಾಡ್ರಿ ಭಾವೂ. ಆದ್ರ ಹೇಳಿ ಮಾರ್ರಿ. ನಿಮ್ಮ ಸೊಸಿನೂ ಮನ್ಯಾಗ ನೀರ ಕುಡೀತಾಳ."

ಸಭೆಯಲ್ಲಿ ಒಂದೊಂದೇ ಕೈ ಮೇಲೆದ್ದಿತು. ಆಮೇಲೆ ಎಲ್ಲರ ಕೈಗಳೂ. ಕೊನೆಗೆ ಕಾಕಾಸಾಹೇಬನದೂ ಎದ್ದಿತು. ಠರಾವು ಪಾಸಾಯಿತು. ಈಗ ಅವನ ಅಂಗಡಿಯ ಡ್ರಮ್ಮುಗಳ ಮೇಲೆ ಕೆಂಪು ಅಕ್ಷರ ದೂರದಿಂದಲೇ ಕಾಣುತ್ತದೆ. ಭಾವನವರು ನಮ್ಮ ಎರಡೂ ಡ್ರಮ್ಮುಗಳ ತಳಕ್ಕೆ ತಾವೇ ತೂತು ಕೊರೆದು ಅವನಿಗೇ ತಿರುಗಿ ಕಳಿಸಿದರು, ಮತ್ತೆ ಯಾರೂ ಅವುಗಳಲ್ಲಿ ನೀರು ತುಂಬಬಾರದೆಂದು.

ಗಡಹಿಂಗ್ಲಜದ ಸಂತೆಯಿಂದ ಹೊಸ ರಾಂಜಣ ಬಂತು. ಬಣ್ಣ ಬಳಿದದ್ದು ಚೆಂದ ಕಂಡಿತಾದರೂ ಆ ಬಣ್ಣದಲ್ಲಿ ಏನಿದೆಯೋ ಎಂದು ಅಕ್ಕ ಬಿಟ್ಟು ಬಂದಳು, ಬರೇ ಸುಟ್ಟ ಮಣ್ಣಿನದೇ ಆರಿಸಿ ತಂದಳು. ನೀರು ಗಾಳಿಸಿ, ಜೀವಾಣಿ ಬಿಟ್ಟು, ಕಾಯಿಸಿ, ಆರಿಸಿ ತುಂಬಿದಳು. ಮೊದಲ ತಂಬಿಗೆಯನ್ನು ವೃಷಾಲಿಯ ಕೈಗೇ ಕೊಟ್ಟಳು.

"ನೋಡವಾ, ವಾಸನಿ ಏನರ ಬರತೈತೇನ?"

ವೃಷಾಲಿ ಕುಡಿದಳು. "ಬರತೈತ್ರಿ ಮಾವಶಿ. ಹಸಿ ಮಣ್ಣಿಂದು." ಹೊಟ್ಟೆಯ ಮೇಲೆ ಕೈಯಿಟ್ಟು ನಕ್ಕಳು. "ಇನ್ನೊಂದು ತಂಬಿಗಿ ಕೊಡ್ರಿ. ಒಳಗಿನಾಂವ ಕೇಳಾಕತ್ತಾನ."

ಮುದಕವ್ವ ಓಣಿಗೆಲ್ಲ ಕೇಳುವ ಹಾಗೆ, "ಬಾಳಗೊಂಡನ ಮನಿ ನೀರಂದ್ರ ನೀರು!" ಎಂದಳು. ಅಕ್ಕನ ಮುಖವನ್ನು ನೀವು ನೋಡಬೇಕಿತ್ತು.

ಅಕ್ಕಂದಿರೇ, ಅಣ್ಣಂದಿರೇ, ನೀವೂ ನೀರನ್ನು ಗಾಳಿಸುತ್ತೀರಿ, ಕಾಯಿಸುತ್ತೀರಿ. ಅದು ನಮ್ಮ ಹಿರಿಯರು ಕಲಿಸಿದ ದೊಡ್ಡ ಗುಣ, ಬಿಡಬೇಡಿರಿ. ಅದರ ಜೊತೆಗೆ ನೀರು ಮುಟ್ಟುವ ಪಾತ್ರೆಯನ್ನೂ ನೋಡಿರಿ. ಔಷಧದ್ದಾಗಲಿ, ಬಣ್ಣದ್ದಾಗಲಿ, ಎಣ್ಣೆಯದ್ದಾಗಲಿ, ಬೇರೆ ಏನೋ ತುಂಬಿ ಬಂದ ಡ್ರಮ್ಮಿನಲ್ಲಿ ಕುಡಿಯುವ ನೀರು ಬೇಡ. ಟಾಕಿ, ಪೈಪು ಕೊಳ್ಳುವಾಗ ಐಎಸ್‌ಐ ಗುರುತು ಕೇಳಿರಿ. ಅದರ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಖರೆಯೋ ಖೋಟಾವೋ ತಿಳಿಯುತ್ತದೆ. ಅಂಗಡಿಯವನು ಮುಖ ತಿರುಗಿಸಿದರೆ ಬೇರೆ ಅಂಗಡಿಗೆ ಹೋಗಿರಿ. ಊರಿನ ಟಾಕಿಯ ಬಗ್ಗೆ ಗ್ರಾಮಸಭೆಯಲ್ಲಿ ಎದ್ದು ಕೇಳಿರಿ. ನಮ್ಮ ಅಕ್ಕ ಕೇಳಿದಳಲ್ಲ!

ಇನ್ನು ಈ ಕಾಗದ ಕೆಳಗಿಡಿರಿ. ಎದ್ದು ಹೋಗಿ, ನಿಮ್ಮ ಮನೆಯ ಡ್ರಮ್ಮನ್ನು ತಿರುಗಿಸಿ ಹಿಂಬದಿ ನೋಡಿ ಬನ್ನಿರಿ.